ತಟ್ಟೆ ಬದಲಿಸಿ ನೋಡು

ಮದುವೆಯ ಮಾತು ಎತ್ತಿದ ಕೂಡಲೇ ಹೆಣ್ಣಿನ ಮುಂದೆ ಸಾಲಾಗಿ ಜೋಡಿಸುವ ಪ್ರಶ್ನೆಗಳಲ್ಲಿ ಒಂದನ್ನಾದರೂ, ಅದೇ ದನಿಯಲ್ಲಿ, ಅದೇ ಮುಖಭಾವದಲ್ಲಿ, ನೀವು ಗಂಡಿಗೆ ಕೇಳಿದ್ದುಂಟೇ? ಕೇಳಿದ್ದೇನೆಂದು ಎದೆ ಮುಟ್ಟಿಕೊಂಡು ಹೇಳಬಲ್ಲವರಿಗೆ ಈ ಕಥೆಯ ಅಗತ್ಯವಿಲ್ಲ. ಅವರು ಎದ್ದು ತಮ್ಮ ಕೆಲಸಕ್ಕೆ ಹೋಗಬಹುದು. ಉಳಿದವರು ಕೂರಬೇಕು. ಎಷ್ಟು ಜನ ಏಳುತ್ತಾರೆಂಬುದು ನನಗೆ ಗೊತ್ತು.

ತಕ್ಕಡಿ ದುರಸ್ತಿಯ ಅಂಗಡಿಯೊಂದಿತ್ತು. ಬೀದಿಯಿಂದ ಮೂರು ಮೆಟ್ಟಿಲು ಹತ್ತಿದರೆ ಒಂದೇ ಕೋಣೆ. ಗೋಡೆಯ ತುಂಬ ನೇತುಹಾಕಿದ ಹಿತ್ತಾಳೆಯ ದಂಡಗಳು, ಒಂದರೊಳಗೊಂದು ಕುಳಿತ ತಟ್ಟೆಗಳು, ಮರದ ಪೆಟ್ಟಿಗೆಯಲ್ಲಿ ಎತ್ತರದ ಪ್ರಕಾರ ಶಾಲೆಯ ಮಕ್ಕಳಂತೆ ನಿಂತ ತೂಕದ ಬಟ್ಟುಗಳು. ಕಿಟಕಿಯ ಕೆಳಗೆ ಕೆಲಸದ ಮೇಜು. ಹನ್ನೆರಡು ವರ್ಷಗಳಿಂದ ಆ ಮೇಜಿನ ಮುಂದೆ ಕುಳಿತಿದ್ದವಳನ್ನು ಬೀದಿಯವರೆಲ್ಲ ಗುಲಗಂಜಿ ಎಂದೇ ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ಅಣ್ಣನಿಗೂ ತನಗೂ ಮಿಠಾಯಿ ಹಂಚುವಾಗ ತೂಗಿಯೇ ಕೊಡಬೇಕೆಂದು ಹಟ ಹಿಡಿದವಳು. ಗುಲಗಂಜಿ ತೂಕದಷ್ಟು ಹೆಚ್ಚುಕಡಿಮೆಯಾದರೂ ಒಪ್ಪದವಳು. ಹೆಸರು ಆಗ ಅಂಟಿತು, ಸ್ವಭಾವ ಮೊದಲೇ ಇತ್ತು.

ಅಪ್ಪನ ಕೈ ನಡುಗಲು ಶುರುವಾದ ಮೇಲೆ ಅವರು ಲೋಹ ಉಜ್ಜುವ ಅರವನ್ನು ಕೆಳಗಿಟ್ಟು, ಬಾಗಿಲ ಬಳಿಯ ಕುರ್ಚಿಗೆ ಬಂದಿದ್ದರು. ಗಿರಾಕಿಗಳೊಡನೆ ಮಾತು ಅವರದು, ಕೆಲಸ ಮಗಳದು. ಅವರು ಅವಳಿಗೆ ಕಲಿಸಿದ ವಿದ್ಯೆಯೆಲ್ಲ ಒಂದೇ ಮಾತಿನಲ್ಲಿ ಅಡಗಿತ್ತು: “ಖಾಲಿ ತಕ್ಕಡಿ ಯಾವಾಗ್ಲೂ ಸಾಚಾನೇ ಮಗಳೇ. ಹೊರೆ ಬಿದ್ದ ಮೇಲೇ ಅದರ ಬಣ್ಣ ಬಯಲಾಗೋದು. ಎಡಗಡೇದನ್ನ ಬಲಕ್ಕೆ, ಬಲಗಡೇದನ್ನ ಎಡಕ್ಕೆ ಹಾಕಿ ನೋಡದೆ ಯಾವ ತಕ್ಕಡೀನೂ ನಂಬಬೇಡ.”

ಸೋಮವಾರ ಬೆಳಗ್ಗೆ ಸೋದರತ್ತೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಬಂದವರೇ ಗಿರಾಕಿಗಳ ಬೆಂಚಿನ ಮೇಲೆ ಕುಳಿತರು.

“ಏನೇ ಗುಲಗಂಜಿ, ಕೈಲಿರೋದನ್ನ ಕೆಳಗಿಡು. ನಿನ್ನ ಅದೃಷ್ಟ ಬಾಗಿಲಿಗೆ ಬಂದು ನಿಂತಿದೆ.”

“ಬಾಗಿಲಲ್ಲಿ ಅಪ್ಪ ಕೂತಿದ್ದಾರೆ ಅತ್ತೆ. ಸ್ವಲ್ಪ ಸರೀರಿ ಅಂತ ಅವರಿಗೆ ಹೇಳಿ.”

“ನೋಡು, ಈ ಬಾಯೇ ನಿನ್ನನ್ನ ಮೂವತ್ತನಾಲ್ಕು ವರ್ಷ ಇಲ್ಲೇ ಕೂರಿಸಿರೋದು!” ಎಂದು ಅತ್ತೆ ಅಪ್ಪನ ಕಡೆ ತಿರುಗಿದರು. “ಮೂಲೆ ಕನ್ನಡಕದಂಗಡಿಯವನು ಕೇಳಿ ಕಳಿಸಿದಾನೆ ಅಣ್ಣಾ. ತಾನಾಗೇ ಕೇಳಿದಾನೆ. ಒಳ್ಳೇವನು, ದುಡಿಯೋನು, ಮಾತು ಕಮ್ಮಿ. ಮನೇಲಿ ತಾಯಿ ಒಬ್ಬರು, ಅವರೂ ಹಾಸಿಗೆ ಹಿಡಿದಿದಾರೆ. ನಾದಿನಿ ಇಲ್ಲ, ಮೈದುನ ಇಲ್ಲ. ಕಾಟ ಕೊಡೋಕೆ ಆ ಮನೇಲಿ ಜನಾನೇ ಇಲ್ಲ!”

ಅಪ್ಪ ನಕ್ಕರು. ಗುಲಗಂಜಿ ನಗಲಿಲ್ಲ. ಅವಳ ಕೈಯಲ್ಲಿದ್ದ ಅರ ನಿಂತುಹೋಗಿತ್ತು.

“ಆದರೆ ಅಂಗಡಿ ಬಿಡಬೇಕಾಗುತ್ತೆ ಕಣೇ. ಎರಡು ದೋಣಿ ಮೇಲೆ ಕಾಲಿಡೋಕಾಗಲ್ಲ. ಬಿಡ್ತೀಯಾ? ಕೋಪ ಬಂದ್ರೆ ನುಂಗ್ಕೊಳ್ಳೋಕೆ ಬರುತ್ತಾ? ಇಷ್ಟು ವರ್ಷ ಯಾಕೆ ಆಗಿಲ್ಲ, ಏನಾದ್ರೂ ಕೊರತೆ ಇದೆಯಾ ಅಂತ ಅವರ ತಾಯಿ ಕೇಳ್ತಾರೆ, ಏನು ಹೇಳ್ತೀಯ? ಆಗಲ್ಲ ಅಂದ್ರೆ, ನಾಳೆ ವಯಸ್ಸಾದ ಮೇಲೆ ಒಂದು ಲೋಟ ನೀರು ಕೊಡೋರು ಯಾರು? ಯೋಚನೆ ಮಾಡು. ಶನಿವಾರದೊಳಗೆ ಹೇಳಬೇಕು. ಇಲ್ಲಾಂದ್ರೆ ಅವರು ಇನ್ನೊಂದು ಕಡೆ ನೋಡಿದಾರೆ.”

ಇನ್ನೊಂದು ಕಡೆ! ಈ ಎರಡು ಪದಗಳಿಂದ ಎಷ್ಟು ಹೆಣ್ಣುಮಕ್ಕಳ ಬೆನ್ನಿಗೆ ಬೆಂಕಿ ಹಚ್ಚಿದ್ದೇವೆ ನಾವು! ಅಂಗಡಿಯಲ್ಲಿ ಕೊನೆಯದೊಂದು ಸಾಮಾನು ಉಳಿದಿದೆ, ಬೇಗ ಎತ್ತಿಕೋ ಎನ್ನುವ ದನಿಯಲ್ಲಿ ಜೀವಮಾನದ ನಿರ್ಧಾರ ಕೇಳುತ್ತೇವೆ; ಅವಳು ಅವಸರದಲ್ಲಿ ಎಡವಿದರೆ, ಕಣ್ಣು ಎಲ್ಲಿತ್ತು ಎನ್ನುತ್ತೇವೆ.

ಗುಲಗಂಜಿಗೆ ಅವನು ಅಪರಿಚಿತನಲ್ಲ. ಎರಡು ವರ್ಷದ ಹಿಂದೆ ಅವಳ ಕಣ್ಣು ಸೋತಾಗ ಕನ್ನಡಕ ಮಾಡಿಕೊಟ್ಟವನು ಅವನೇ. ಅಂಗಡಿಯಲ್ಲಿ ಅಕ್ಷರದ ಹಲಗೆ ಓದಿಸಿ ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ, ಅಳತೆಪಟ್ಟಿ ಹಿಡಿದು ಇಲ್ಲಿಯವರೆಗೆ ಬಂದು, ಅವಳನ್ನು ಮೇಜಿನ ಮುಂದೆ ಕೂರಿಸಿ, ಅವಳ ಕಣ್ಣಿನಿಂದ ತಕ್ಕಡಿಯ ಮುಳ್ಳಿನವರೆಗಿನ ದೂರವನ್ನು ಮೂರು ಸಲ ಅಳೆದಿದ್ದ. “ನೀವು ಬದುಕೋದು ಈ ದೂರದಲ್ಲಿ. ಕನ್ನಡಕ ಈ ದೂರಕ್ಕೇ ಆಗಬೇಕು” ಎಂದಿದ್ದ. ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ತನಗೂ ಹೆಚ್ಚಾಗಿ ಹೇಳಿಕೊಂಡಿರಲಿಲ್ಲ.

ಅತ್ತೆ ಬಂದುಹೋದಾಗಿನಿಂದ ಅವಳ ಕೈಗೆ ಕೆಲಸ ಹತ್ತಲಿಲ್ಲ. ಬಿಚ್ಚಿದ ತಿರುಪನ್ನೇ ಹಾಕಿ, ಹಾಕಿದ್ದನ್ನೇ ಬಿಚ್ಚಿದಳು. ಅಪ್ಪನಿಗೆ ಚಹಾ ಕೊಟ್ಟು ಹತ್ತು ನಿಮಿಷಕ್ಕೆ ಮತ್ತೊಂದು ಲೋಟ ತಂದಿಟ್ಟಳು. ಮೂಲೆಯ ಅಂಗಡಿಯವರೆಗೆ ನಡೆದುಹೋಗಿ, ಎದುರು ಕಾಲುದಾರಿಯಲ್ಲಿ ನಿಂತು, ಏನೋ ಮರೆತವಳಂತೆ ವಾಪಸು ಬಂದಳು. ನಿಂತರೆ ಕೂರಬೇಕು, ಕೂತರೆ ಏಳಬೇಕು.

ಮಂಗಳವಾರ ಮಧ್ಯಾಹ್ನ, ಅಪ್ಪ ಊಟ ಮುಗಿಸಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಗ, ಅವಳು ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. ಮೇಜಿನ ಮೇಲೆ ಒಂದು ತಕ್ಕಡಿ ಆಗಲೇ ನಿಂತಿತ್ತು. ಖಾಲಿಯಾಗಿದ್ದಾಗ ಅದರ ಮುಳ್ಳು ನೆಟ್ಟಗೆ ನಡುವಿನಲ್ಲಿತ್ತು. ಎಡದ ತಟ್ಟೆ ‘ಆಗು’, ಬಲದ್ದು ‘ಬೇಡ’. ಒಂದೊಂದು ಕಾರಣಕ್ಕೆ ಒಂದೊಂದು ಬಟ್ಟು, ಎಲ್ಲವೂ ಒಂದೇ ತೂಕದವು. ಮುಪ್ಪಿನಲ್ಲಿ ನೀರು ಕೊಡುವವರು ಬೇಕು: ಎಡಕ್ಕೆ ಒಂದು. ಅಂಗಡಿ ಮುಚ್ಚುತ್ತದೆ: ಬಲಕ್ಕೆ ಒಂದು. ಒಳ್ಳೆಯವನು, ಮಾತು ಕಡಿಮೆ: ಎಡಕ್ಕೆ. ಅಪ್ಪನನ್ನು ಸಂಜೆ ಕೈಹಿಡಿದು ಮೆಟ್ಟಿಲು ಇಳಿಸುವವರಾರು: ಬಲಕ್ಕೆ. ಬೀದಿಯ ಬಾಯಿ ಮುಚ್ಚುತ್ತದೆ: ಎಡಕ್ಕೆ. ಕೋಪ ನುಂಗಲು ಬರುವುದಿಲ್ಲ: ಬಲಕ್ಕೆ. ಕೊನೆಗೆ ಎರಡೂ ಕಡೆ ಐದೈದು ಬಟ್ಟುಗಳಾದವು. ಆದರೂ ಎಡದ ತಟ್ಟೆ ಮೆಲ್ಲಗೆ, ಖಚಿತವಾಗಿ, ಕೆಳಗಿಳಿಯಿತು.

ಅವಳು ಕಣ್ಣು ಮಿಟುಕಿಸದೆ ನೋಡಿದಳು. ಹಣೆಬರಹವೇ ಬೆರಳಿಟ್ಟು ಒತ್ತಿದಂತಿತ್ತು.

ಬುಧವಾರ ಮತ್ತೆ ತೂಗಿದಳು. ಮತ್ತೆ ಎಡವೇ ಇಳಿಯಿತು. ಅವಳು ಅದನ್ನೇ ನೋಡುತ್ತಿದ್ದಾಗ, ಅಣ್ಣನ ಹೆಂಡತಿ ಒಣಗಿದ ಬಟ್ಟೆಗಳ ರಾಶಿ ಹೊತ್ತು ಪಕ್ಕದಲ್ಲೇ ಇದ್ದ ಮನೆಯಿಂದ ಮೆಟ್ಟಿಲು ಹತ್ತಿ ಬಂದಳು. ಅಣ್ಣ ಬಸ್ಸು ಓಡಿಸಲು ಬೆಳಗ್ಗೆಯೇ ಹೋಗಿದ್ದ. ಅತ್ತಿಗೆ ಬೆಂಚಿನ ಮೇಲೆ ಕುಳಿತು ಬಟ್ಟೆ ಮಡಿಸತೊಡಗಿದಳು.

“ಅತ್ತಿಗೇ, ಮದುವೆ ಆಗೋದು ಒಳ್ಳೇದಾ ಕೆಟ್ಟದ್ದಾ?”

“ಯಾವ ವಾರ ಕೇಳ್ತಿದೀಯ ಅನ್ನೋದರ ಮೇಲಿದೆ.”

“ತಮಾಷೆ ಬೇಡ.”

“ತಮಾಷೆ ಯಾರಿಗೆ ಬೇಕು? ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅಂತಾರಲ್ಲ, ಅದು ದಡದಲ್ಲಿ ನಿಂತೋರು ಹೇಳೋ ಮಾತು. ಚಳಿ ಆಗುತ್ತೆ. ನಿಮ್ಮಣ್ಣ ಒಂದು ದಿನ ಆದ್ರೂ ನಾನು ಏನು ಯೋಚನೆ ಮಾಡ್ತಿದೀನಿ ಅಂತ ಕೇಳಿಲ್ಲ.” ಅವಳು ಒಂದು ಅಂಗಿಯ ತೋಳನ್ನು ಎರಡೆರಡು ಸಲ ಮಡಿಸಿದಳು. “ಆದರೆ ನನಗೆ ಒಂಬತ್ತು ದಿನ ಜ್ವರ ಬಂದಿತ್ತಲ್ಲ, ಆಗ ನನ್ನ ತಲೆಕೂದಲು ತೊಳೆದಿದ್ದು ಅವರೇ. ಬಟ್ಟೆ ಒಗೆಯೋ ಸೋಪಿನಲ್ಲಿ! ಕೂದಲು ಪೊರಕೆ ಆಗೋಯ್ತು. ಬೈಯೋಕೆ ಬಾಯಿ ಬರಲಿಲ್ಲ.”

“ಹಾಗಾದ್ರೆ ಆಗು ಅಂತೀಯಾ?”

“ನಾನು ಏನೂ ಅನ್ನಲ್ಲ. ನನ್ನ ಮದುವೇನ ನಿನ್ನ ತಟ್ಟೆಗೆ ಹಾಕ್ಕೋಬೇಡ. ಅದು ನನ್ನ ತೂಕ.”

ಬಟ್ಟೆಯ ರಾಶಿಯೊಡನೆ ಅತ್ತಿಗೆ ಮೆಟ್ಟಿಲಿಳಿದು ಮನೆಗೆ ಹೋದಳು. ಮಾತು ಅಲ್ಲೇ ಉಳಿಯಿತು.

ಗುರುವಾರ ಬೆಳಗ್ಗೆ ಮೊಳೆ ವ್ಯಾಪಾರಿ ಮೆಟ್ಟಿಲ ಬುಡದಲ್ಲೇ ನಿಂತು ಕೂಗಿದ. “ಏನಮ್ಮಾ ಗುಲಗಂಜಿ, ನನ್ನ ತಕ್ಕಡಿ ಆಯ್ತಾ? ಗಿರಾಕಿಗಳು ಜಗಳಕ್ಕೆ ಬರ್ತಾವ್ರೆ!”

ಅವಳು ಮೇಜಿನ ಕಡೆ ನೋಡಿದಳು. ಎರಡು ದಿನಗಳಿಂದ ತನ್ನ ಬಾಳನ್ನು ತೂಗುತ್ತಿದ್ದ ತಕ್ಕಡಿ ಅವನದು! ತೂಕದಲ್ಲಿ ಏನೋ ಮೋಸವಿದೆಯೆಂದು ಹೋದ ಶನಿವಾರವೇ ತಂದಿಟ್ಟು ಹೋಗಿದ್ದ. ದುರಸ್ತಿಗೆಂದು ಬಂದ ತಕ್ಕಡಿಯಲ್ಲಿ, ಒಮ್ಮೆಯೂ ಪರೀಕ್ಷಿಸದೆ, ತಕ್ಕಡಿ ದುರಸ್ತಿ ಮಾಡುವವಳೇ ತೂಗಿದ್ದಳು. ಹನ್ನೆರಡು ವರ್ಷದ ಕಸುಬು ಎಲ್ಲಿಗೆ ಹೋಗಿತ್ತು? ಊರಿನ ತಕ್ಕಡಿಗಳನ್ನೆಲ್ಲ ಅನುಮಾನಿಸುವವಳು ತನ್ನ ವಿಷಯ ಬಂದಾಗ ಮುಳ್ಳು ತೋರಿಸಿದ್ದನ್ನೇ ನಂಬಿದ್ದಳು. ಗುಲಗಂಜಿಗೆ ತನ್ನ ಕಪ್ಪು ಕಾಣದು ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

“ಸಂಜೆ ಬನ್ನಿ” ಎಂದು ಅವನನ್ನು ಕಳಿಸಿ, ಬಟ್ಟುಗಳನ್ನು ಅದಲುಬದಲು ಮಾಡಿದಳು. ‘ಬೇಡ’ ಎಡಕ್ಕೆ, ‘ಆಗು’ ಬಲಕ್ಕೆ. ಎಡದ ತಟ್ಟೆಯೇ ಇಳಿಯಿತು. ಮೊದಲಿನಷ್ಟೇ ಮೆಲ್ಲಗೆ, ಮೊದಲಿನಷ್ಟೇ ಖಚಿತವಾಗಿ. ಏನೇ ಹಾಕಿದರೂ ಎಡವೇ ಇಳಿಯುವಂತೆ ದಂಡದ ಎಡತೋಳು ಕೂದಲೆಳೆಯಷ್ಟು ಉದ್ದವಾಗಿತ್ತು. ಖಾಲಿಯಿದ್ದಾಗ ಗೊತ್ತಾಗದಿರಲೆಂದು ಬಲದ ತಟ್ಟೆಯ ಅಡಿಗೆ ಯಾರೋ ಸೀಸ ಬಳಿದಿದ್ದರು.

ಗುಲಗಂಜಿ ಬಟ್ಟುಗಳನ್ನು ಒಂದೊಂದಾಗಿ ತೆಗೆದಳು. ತೆಗೆಯುವಾಗ ಇದನ್ನು ಹಾಕಿದವರಾರು ಎಂದು ಕೇಳಿಕೊಂಡಳು. ನೀರಿನ ಲೋಟ ಅತ್ತೆಯದು. ಕೋಪವೂ ಅತ್ತೆಯದೇ. ಬೀದಿಯ ಬಾಯಿ ಬೀದಿಯದು. ಹೀಗೆ ತೆಗೆಯುತ್ತ ಹೋದಾಗ ತನ್ನವೆಂದು ಉಳಿದದ್ದು ಎರಡೇ: ಒಂದು ಕಡೆ, ಅಪ್ಪನೂ ಸೇರಿದಂತೆ, ಈ ಮೇಜು; ಇನ್ನೊಂದು ಕಡೆ, ಮೂರು ಸಲ ಅಳೆದ ಆ ದೂರ.

ಮತ್ತೊಂದು ಸಂಗತಿಯೂ ಹೊಳೆಯಿತು. ಈ ನಾಲ್ಕು ದಿನ ಹೊರೆ ಬಿದ್ದದ್ದು ತನ್ನೊಬ್ಬಳ ಮೇಲೆ. ಅವನನ್ನು ಯಾರು ತೂಗಿದರು? ಅಂಗಡಿ ಬಿಡುತ್ತೀಯಾ ಎಂದು ಅವನಿಗೆ ಯಾರು ಕೇಳಿದರು? ಅಂಗಡಿಯಲ್ಲಿ ಅವನ ಹೆಸರೆತ್ತಿದವರೆಲ್ಲ ಒಳ್ಳೆಯವನು ಎಂದರು, ಅಷ್ಟೇ. ಖಾಲಿ ತಕ್ಕಡಿ ಯಾವಾಗಲೂ ಸಾಚಾ.

ಈ ಸಲ ಅವಳು ಎದುರು ಕಾಲುದಾರಿಯಲ್ಲಿ ನಿಲ್ಲಲಿಲ್ಲ.

ಕನ್ನಡಕದಂಗಡಿಯಲ್ಲಿ ಅವನು ಗಾಜಿನ ಅಂಚು ಉಜ್ಜುತ್ತಿದ್ದ. ಅವಳನ್ನು ಕಂಡು ಸಾಣೆಚಕ್ರ ನಿಲ್ಲಿಸಿದ. ಒಂದು ಗೋಡೆಯ ಮೇಲೆ ಅಕ್ಷರದ ಹಲಗೆ. ಮೇಲೆ ಅಂಗೈಯಗಲದ ಒಂದು ಅಕ್ಷರ, ಕೆಳಗಿಳಿದಂತೆ ಸಾಲುಗಳು ಚಿಕ್ಕದಾಗುತ್ತ ಕೊನೆಗೆ ಇರುವೆಗಳಾಗುತ್ತಿದ್ದವು. ಓದುವವರು ನಿಲ್ಲಬೇಕಾದ ಜಾಗಕ್ಕೆ ನೆಲದಲ್ಲಿ ಒಂದು ಬಿಳಿ ಗೆರೆ. ಅವಳು ತಿಳಿಯದೆ ಅದರ ಮೇಲೆಯೇ ನಿಂತಿದ್ದಳು.

“ಅಲ್ಲಿ ನಿಂತ್ರೆ ಓದಬೇಕಾಗುತ್ತೆ” ಎಂದ ಅವನು, ನಗಲು ಪ್ರಯತ್ನಿಸುತ್ತ.

“ಇವತ್ತು ಓದೋರು ನೀವು. ಬನ್ನಿ, ಗೆರೆ ಮೇಲೆ ನಿಂತ್ಕೊಳ್ಳಿ.”

ಅವನು ಬಂದು ನಿಂತ. ಅವಳು ಹಲಗೆಯ ಪಕ್ಕಕ್ಕೆ ಹೋಗಿ ನಿಂತಳು. ದನಿ ಅತ್ತೆಯದೇ ಬಂತು.

“ವಯಸ್ಸು?”

“ಮೂವತ್ತೊಂಬತ್ತು.”

“ಇಷ್ಟು ವರ್ಷ ಯಾಕೆ ಆಗಿಲ್ಲ? ಏನಾದ್ರೂ ಕೊರತೆ ಇದೆಯಾ?”

ಅವನು ನಕ್ಕುಬಿಟ್ಟ. ಅವಳು ನಗಲಿಲ್ಲವೆಂದು ಕಂಡು ನಿಲ್ಲಿಸಿದ.

“ಕೋಪ ಬಂದ್ರೆ ನುಂಗ್ಕೊಳ್ಳೋಕೆ ಬರುತ್ತಾ?”

“ಬರುತ್ತೆ ಅನ್ಸುತ್ತೆ. ಯಾರೂ ಕೇಳಿರಲಿಲ್ಲ.”

“ಮದುವೆ ಆದ ಮೇಲೆ ಅಂಗಡಿ ಬಿಡ್ತೀರಾ?”

“ನಾನ್ಯಾಕೆ...” ಎಂದವನು ಅಲ್ಲಿಗೇ ನಿಲ್ಲಿಸಿದ. ಅರ್ಧ ಉಜ್ಜಿದ ಗಾಜು ಇನ್ನೂ ಅವನ ಬೆರಳುಗಳ ನಡುವೆಯೇ ಇತ್ತು.

“ನಮ್ಮಪ್ಪನ್ನ ಸಂಜೆ ಕೈಹಿಡಿದು ಮೆಟ್ಟಿಲು ಇಳಿಸಬೇಕು. ನಿಮ್ಮಮ್ಮನ್ನ ಬಿಟ್ಟು ಬಂದು ದಿನಾ ಇಳಿಸ್ತೀರಾ? ಕೊನೇದು. ಈ ಮದುವೆ ನಿಮಗೆ ಯಾಕೆ ಬೇಕು? ಈಗಲೇ ಯಾಕೆ ಬೇಕು?”

ಅವನು ಗಾಜನ್ನು ಕೆಳಗಿಟ್ಟ. ಬಾಗಿಲಿನಾಚೆ ಬಸ್ಸೊಂದು ನಿಂತು, ಜನರನ್ನು ಇಳಿಸಿ, ಹೋಯಿತು.

“ಇವನ್ನೆಲ್ಲ ನಾನು ಹುಟ್ಟಿಸಿದ್ದಲ್ಲ” ಎಂದಳು ಅವಳು, ದನಿ ತಗ್ಗಿಸಿ. “ಸೋಮವಾರದಿಂದ ನನ್ನನ್ನ ಕೇಳಿದ್ದನ್ನೇ ಕೇಳಿದೆ. ಅಪ್ಪನದು, ಕೊನೇದು, ಇವೆರಡು ಮಾತ್ರ ನಂದು.”

“ಶನಿವಾರದವರೆಗೆ ಸಮಯ ಕೊಡ್ತೀರಾ?”

“ಕೊಡ್ತೀನಿ. ಇಲ್ಲಾಂದ್ರೆ ಇನ್ನೊಂದು ಕಡೆ ನೋಡಿದೀವಿ ಅಂತ ಹೇಳೋಣ ಅಂದ್ಕೊಂಡಿದ್ದೆ.”

ಅವನಿಗೆ ಅರ್ಥವಾಯಿತು. ಕಿವಿ ಕೆಂಪಾದವು.

ಸುದ್ದಿ ಅತ್ತೆಗೆ ಮುಟ್ಟಲು ಅರ್ಧ ದಿನವೂ ಬೇಕಾಗಲಿಲ್ಲ. ಶುಕ್ರವಾರ ಬೆಳಗ್ಗೆ ಮೆಟ್ಟಿಲ ಮೇಲೆ ಬಿರುಗಾಳಿ.

“ಗಂಡು ನೋಡೋಕೆ ಹೋಗಿದ್ಯಾ, ವಿಚಾರಣೆ ಮಾಡೋಕೆ ಹೋಗಿದ್ಯಾ? ಅವನು ಅಷ್ಟು ಒಳ್ಳೇವನು, ಅವನನ್ನ ನಿಲ್ಲಿಸಿ ಕೊರತೆ ಇದೆಯಾ ಅಂದ್ಯಂತೆ! ಬಾಯಲ್ಲಿ ಹೇಗೆ ಬಂತೇ ಆ ಮಾತು?”

“ನಿಮ್ಮ ಬಾಯಿಂದ ನನ್ನ ಕಿವಿಗೆ ಬಂತು ಅತ್ತೆ. ಅಲ್ಲಿಂದ ಬಾಯಿಗೆ ಬಂತು.”

“ಹೆಣ್ಣಿಗೆ ಕೇಳೋದು ಬೇರೆ, ಗಂಡಿಗೆ ಕೇಳೋದು ಬೇರೆ!”

ಬಾಗಿಲ ಬಳಿಯಿಂದ ಅಪ್ಪ ಮೊದಲ ಸಲ ಬಾಯಿ ತೆರೆದರು. “ಅದು ಹೇಗೆ ತಂಗೀ? ಬಟ್ಟು ಅದೇ ತಾನೇ?”

ಅತ್ತೆ ಅಪ್ಪನನ್ನೂ ಮಗಳನ್ನೂ ದುರುಗುಟ್ಟಿ ನೋಡಿ, ಚಹಾವನ್ನೂ ಕುಡಿಯದೆ ಇಳಿದುಹೋದರು. ಗುಲಗಂಜಿಗೆ ಗೆದ್ದೆನೆಂಬ ಸಂತೋಷವೇನೂ ಆಗಲಿಲ್ಲ. ಅವನು ಬರದೇ ಹೋದರೆ? ಒಂದು ಒಳ್ಳೆಯ ಮನಸ್ಸನ್ನು ತಾನೇ ಕೆಣಕಿ ಕೆಡಿಸಿದೆನೇ? ಅಂದು ಸರಿಪಡಿಸಬೇಕಿದ್ದ ಮುಳ್ಳೊಂದನ್ನು ಅರದಿಂದ ಅತಿಯಾಗಿ ಉಜ್ಜಿ ಹಾಳುಮಾಡಿ, ಹೊಸದನ್ನು ಹಾಕಬೇಕಾಯಿತು.

ಶನಿವಾರ ಹತ್ತು ಗಂಟೆಗೆ ಅವನು ಬಂದ. ಕೈಯಲ್ಲಿ ಒಂದು ಬಿಳಿ ರಟ್ಟು. ಅದರ ಮೇಲೆ ತನ್ನ ಕಸುಬಿನ ರೀತಿಯಲ್ಲೇ ಉತ್ತರ ಬರೆದು ತಂದಿದ್ದ: ಮೇಲೆ ದೊಡ್ಡ ಅಕ್ಷರ, ಕೆಳಗಿಳಿದಂತೆ ಚಿಕ್ಕದು.

“ಬಾಯಲ್ಲಿ ಹೇಳಿದ್ರೆ ತಪ್ಪಿಸ್ಕೊಳ್ತೀನಿ. ಅದಕ್ಕೇ ಬರೆದೆ” ಎಂದು ಬಾಗಿಲಲ್ಲೇ ನಿಂತ.

ಅಪ್ಪ ಕುರ್ಚಿಯಿಂದಲೇ ಓದತೊಡಗಿದರು. “ನಾನು ಅಂಗಡಿ ಬಿಡುವುದಿಲ್ಲ. ನೀವೂ ಬಿಡಬೇಕಾಗಿಲ್ಲ... ಇದು ಚೆನ್ನಾಗಿದೆ. ಕೋಪ ನುಂಗಲು ಬರುವುದಿಲ್ಲ, ಹೊರಗೆ ನಡೆದುಹೋಗುತ್ತೇನೆ... ನಿಮ್ಮ ತಂದೆಯನ್ನು ವಾರದಲ್ಲಿ ಮೂರು ಸಂಜೆ ಇಳಿಸಬಲ್ಲೆ... ಅಯ್ಯೋ, ಉಳಿದ ನಾಲ್ಕು ಸಂಜೆ ನಾನು ಇಲ್ಲೇ ಮಲಗ್ಲಾ?” ಎಂದು ನಕ್ಕು ಕಣ್ಣು ಕಿರಿದು ಮಾಡಿದರು. “ಕೊನೇ ಸಾಲು ನನಗೆ ಕಾಣ್ತಿಲ್ಲಪ್ಪ.”

“ಅದು ಅವರಿಗೆ ಕಾಣುತ್ತೆ” ಎಂದ ಅವನು.

ಗುಲಗಂಜಿ ರಟ್ಟನ್ನು ತಂದು ತಕ್ಕಡಿಯ ಮುಳ್ಳಿಗೆ ಒರಗಿಸಿಟ್ಟು, ಕನ್ನಡಕ ಏರಿಸಿ ಕುಳಿತಳು. ಅವನು ಮೂರು ಸಲ ಅಳೆದಿದ್ದ ಅದೇ ದೂರ. ಇರುವೆಗಳು ಅಕ್ಷರಗಳಾದವು.

‘ಹಗಲು ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಹೋದ ತಿಂಗಳು ಕೆಲಸ ಬಿಟ್ಟರು. ನಾನು ನಿಮ್ಮನ್ನು ಕೇಳಿದ್ದು ಅದರ ಮರುವಾರ.’

ಅವಳು ಎರಡು ಸಲ ಓದಿದಳು. ಕೇಳಿದ್ದು ತನ್ನನ್ನೋ, ಆ ಹೆಂಗಸಿನ ಜಾಗಕ್ಕೆ ಒಬ್ಬಳನ್ನೋ? ಆದರೆ ಅವನು ಬರೆದಿದ್ದ. ಮುಚ್ಚಿಡಬಹುದಾಗಿದ್ದನ್ನು, ಅವಳೊಬ್ಬಳ ಕಣ್ಣಿಗೆ ಮಾತ್ರ ಕಾಣುವಂತೆ, ನಾಚಿಕೆಯ ಅಳತೆಗೆ ತಕ್ಕಷ್ಟು ಚಿಕ್ಕದಾಗಿ, ಬರೆದಿದ್ದ.

“ಮೊದಲೂ ಇಷ್ಟ ಇತ್ತು” ಎಂದ ಅವನು, ಮೆಟ್ಟಿಲ ಕಡೆ ನೋಡುತ್ತ. “ಎರಡು ವರ್ಷದಿಂದ ಇತ್ತು. ಕೇಳಿದ್ದು ಮಾತ್ರ ಆ ವಾರ. ಯಾವುದರಿಂದ ಕೇಳಿದೆ ಅಂತ ನನಗೇ ಬೇರ್ಪಡಿಸೋಕೆ ಆಗ್ಲಿಲ್ಲ.”

“ಹಾಗಾದ್ರೆ ಮೊದಲು ಬೇರ್ಪಡಿಸಿ” ಎಂದಳು ಗುಲಗಂಜಿ. “ಅಮ್ಮನಿಗೆ ಹಗಲು ಯಾರನ್ನಾದರೂ ಗೊತ್ತುಮಾಡಿ. ನಾನೂ ಹುಡುಕ್ತೀನಿ. ಆಮೇಲೂ ಕೇಳಬೇಕು ಅನ್ಸಿದ್ರೆ ಬನ್ನಿ. ಆಗ ಕೇಳಿದ್ದು ನನ್ನನ್ನ ಅಂತ ಆಗುತ್ತೆ. ಈಗ ಕೇಳಿದ್ದಕ್ಕೆ ನನ್ನ ಉತ್ತರ, ಇಲ್ಲ.”

ಅವನು ತಲೆಯಾಡಿಸಿದ. ರಟ್ಟು ತೆಗೆದುಕೊಳ್ಳಲು ಬಂದವನು ಅವಳ ಮುಖ ನೋಡಿ, ಅದನ್ನು ಅಲ್ಲೇ ಬಿಟ್ಟು, ಮೂರು ಮೆಟ್ಟಿಲು ಇಳಿದ.

ಅವಳು ಮೊಳೆ ವ್ಯಾಪಾರಿಯ ತಕ್ಕಡಿಯನ್ನು ಮುಂದಕ್ಕೆಳೆದುಕೊಂಡು, ಬಲದ ತಟ್ಟೆಯ ಅಡಿಯಿಂದ ಸೀಸವನ್ನು ಕೆರೆದು ತೆಗೆದಳು. ಗುರುವಾರ ಸಂಜೆಯೂ ಶುಕ್ರವಾರ ಸಂಜೆಯೂ ಆ ವ್ಯಾಪಾರಿ ಬರಿಗೈಯಲ್ಲಿ ಹೋಗಿದ್ದ. ಬೈದುಕೊಂಡೇ ಹೋಗಿದ್ದ.

ಇದೆಲ್ಲ ನಡೆದು ಇಂದಿಗೆ ಹನ್ನೊಂದು ದಿನ. ಅವನು ಬಂದನೇ ಎಂದು ಕೇಳುವಿರಿ. ಇನ್ನೂ ಬಂದಿಲ್ಲ. ಅವನ ತಾಯಿಯ ಬಳಿ ಹಗಲು ಇರಲು ಯಾರಾದರೂ ಸಿಗುತ್ತಾರೆಯೇ ಎಂದು ಅವನೂ ಹುಡುಕುತ್ತಿದ್ದಾನೆ, ಅತ್ತಿಗೆಯೂ ಇಬ್ಬರನ್ನು ವಿಚಾರಿಸಿದ್ದಾಳೆ. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ಗುಲಗಂಜಿ ತಲೆಯೆತ್ತುತ್ತಾಳೆ. ಗಿರಾಕಿಯೆಂದು ಕಂಡು ತಲೆ ತಗ್ಗಿಸುತ್ತಾಳೆ. ನೆಮ್ಮದಿಯಿಲ್ಲ. ಚಹಾ ಇಂದಿಗೂ ಎರಡೆರಡು ಸಲ ಬರುತ್ತದೆ. ಆದರೆ ಈ ತಳಮಳ ಅವಳದೇ. ಬೇರೆಯವರು ತಂದು ತಟ್ಟೆಗೆ ಹಾಕಿದ್ದಲ್ಲ. ಅವನು ಬಂದರೆ, ತಟ್ಟೆಗಳಲ್ಲಿ ಅವಳ ಎರಡೇ ಬಟ್ಟುಗಳಿರುತ್ತವೆ. ಮುಳ್ಳು ಎತ್ತ ವಾಲುವುದೋ ಅವಳಿಗೂ ತಿಳಿಯದು, ಅದು ಹಾಗೆಯೇ ಇರಬೇಕು.

ನಿಮ್ಮ ಮನೆಯಲ್ಲೂ ಮಗಳಿರಬಹುದು, ತಂಗಿಯಿರಬಹುದು. ಶನಿವಾರದ ಗಡುವೊಂದು ಅವಳ ಕತ್ತಿನ ಮೇಲೂ ತೂಗುತ್ತಿರಬಹುದು. ಇಂದು ಸಂಜೆಯೊಳಗೆ ಒಂದು ಕೆಲಸ ಮಾಡಿ. ಅವಳಿಗೆ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಒಂದಕ್ಷರವನ್ನೂ ತಿದ್ದದೆ, ಅವಳಿಗೆ ನೋಡಿದ ಗಂಡಿನ ಮುಂದೆ ಓದಿ. ಓದಲು ನಾಲಿಗೆ ತಡವರಿಸಿದ ಪ್ರಶ್ನೆಯ ಬಳಿ ನಿಲ್ಲಿ. ಮನೆಗೆ ಹಿಂದಿರುಗಿ ಅದನ್ನು ಅವಳಿಂದ ಹಿಂದಕ್ಕೆ ಪಡೆಯಿರಿ. ತಪ್ಪಾಯಿತೆಂದು, ಬಾಯಿಬಿಟ್ಟು, ಅವಳಿಗೆ ಹೇಳಿ.